ಕಾಣೆಗೆ ಒಪ್ಪುವ ಬಿಳಿ ವೈನ್

ಮಂಗಳೂರಿನ ಹಂಪನಕಟ್ಟೆಯ ಸೆಕೆಗೆ, ರವೆ ಹಚ್ಚಿ ಕಾವಲಿಯಲ್ಲಿ ಹುರಿದ ಕಾಣೆ ಮೀನಿಗೆ, ತಣ್ಣನೆಯ ಸೋವಿನ್ಯೋನ್ ಬ್ಲಾಂಕ್‌ನಷ್ಟು ಒಪ್ಪುವ ವೈನ್ ನನಗೆ ಇನ್ನೊಂದಿಲ್ಲ. ನ್ಯೂಜಿಲೆಂಡಿನ ಮಾರ್ಲ್‌ಬರೋದಲ್ಲಿ ಈ ವೈನಿನ ದ್ರಾಕ್ಷಿಯ ಹುಳಿಯನ್ನು ಕಾಯುವುದು ಕಡಲಿನ ತಂಪು. ನಮ್ಮ ಕಡಲು ಬೆಚ್ಚಗಿನದು, ಮಳೆಯೂ ವಿಪರೀತ. ಕಡಲು ಕೊಡದ ತಂಪನ್ನು ಕರ್ನಾಟಕದಲ್ಲಿ ಎತ್ತರ ಕೊಡುತ್ತದೆ. ನಂದಿಬೆಟ್ಟದ ತಪ್ಪಲಲ್ಲಿ, ಸುಮಾರು 900 ಮೀಟರ್ ಎತ್ತರದಲ್ಲಿ, 1988ರಲ್ಲಿ ಶುರುವಾದ ಗ್ರೋವರ್ ತೋಟ ಇದನ್ನು ತೋರಿಸಿಕೊಟ್ಟಿತು. ಮಳೆಗಾಲ ಮುಗಿಯುತ್ತಲೇ ಬಳ್ಳಿ ಸವರುತ್ತಾರೆ. ಚಳಿಗಾಲದ ತಂಪು ರಾತ್ರಿಗಳಲ್ಲಿ ಹಣ್ಣು ಮಾಗುವಾಗ ಹುಳಿ ಉಳಿಯುತ್ತದೆ. ಸಿಪ್ಪೆ ಬೇರ್ಪಡಿಸಿದ ರಸವನ್ನು ತಣ್ಣಗಿಟ್ಟೇ ಹುದುಗಿಸುವುದರಿಂದ ಪರಿಮಳವೂ ಹಾರಿಹೋಗದು. ಹುರಿದ ಮೀನಿಗೆ ಲಿಂಬೆ ಹಿಂಡುವ ಮಂಗಳೂರಿಗರಿಗೆ ಈ ಹುಳಿಯ ಬೆಲೆ ಗೊತ್ತು: ಅದು ಎಣ್ಣೆಯ ಜಿಡ್ಡನ್ನು ತೊಳೆದು, ಕಾಣೆಯ ನವಿರಾದ ಸಿಹಿಯನ್ನು ನಾಲಗೆಗೆ ದಾಟಿಸುತ್ತದೆ.