ಹಿಟ್ಟಿನ ಕೋಳಿಯೂ ನಮ್ಮ ತೀರ್ಪೂ

ಜನ್ನನ ‘ಯಶೋಧರ ಚರಿತೆ’ಯನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳಿಂದ ಒಂದು ಪ್ರಶ್ನೆಯು ಬಂದೇ ಬರುತ್ತದೆ: “ಗುರುಗಳೇ, ಕೋಳಿಯು ಹಿಟ್ಟಿನದಲ್ಲವೇ? ಯಾವ ಜೀವವೂ ಸಾಯಲಿಲ್ಲ. ಅರಸನಿಗೆ ಅಷ್ಟೊಂದು ಜನ್ಮಗಳ ಶಿಕ್ಷೆಯೇಕೆ?” ನಾವು ‘ಸಂಕಲ್ಪಹಿಂಸೆ’ ಎಂಬ ಒಂದು ಶಬ್ದವನ್ನು ಬರೆಯಿಸಿ ಮುಂದಿನ ಪದ್ಯಕ್ಕೆ ಸಾಗುತ್ತೇವೆ. ಉತ್ತರವು ಸರಿಯಾದುದೇ; ಆದರೆ ಅದರಿಂದ ಪ್ರಶ್ನೆಯು ಬಗೆಹರಿಯುವುದಿಲ್ಲ, ಬಾಯಿ ಮುಚ್ಚುತ್ತದೆ ಅಷ್ಟೆ.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಭಾಗದ ನಮಗೆ ಈ ಕಾವ್ಯವು ದೂರದ್ದಲ್ಲ. ಹನ್ನೆರಡನೆಯ ಶತಮಾನದಲ್ಲಿ, ಶಿಲಾಹಾರ ಗಂಡರಾದಿತ್ಯನ ಕಾಲದಲ್ಲಿ, ನಿಂಬದೇವ ಸಾಮಂತನು ರೂಪನಾರಾಯಣ ಬಸದಿಯನ್ನು ಕಟ್ಟಿಸಿದ್ದು ಕೊಲ್ಲಾಪುರದಲ್ಲಿಯೇ. ಅಹಿಂಸೆಯ ಮಾತನ್ನು ಇಲ್ಲಿಯ ಜನ ತಲೆಮಾರುಗಳಿಂದ ಕೇಳುತ್ತ ಬಂದಿದ್ದಾರೆ. ಖಂಡೇನವಮಿಯ ದಿನ ಯಂತ್ರಗಳ ಮುಂದೆ ಕುಂಕುಮ ತುಂಬಿದ ಕುಂಬಳಕಾಯಿಯನ್ನು ಒಡೆಯುವುದನ್ನೂ ನಮ್ಮ ಹುಡುಗರು ಕಂಡಿದ್ದಾರೆ. ಬಲಿಗೆ ಬದಲು ಬಲಿಯ ರೂಪವನ್ನು ಅರ್ಪಿಸುವುದೆಂದರೇನೆಂದು ಅವರಿಗೆ ಬೇರೆ ಹೇಳಬೇಕಾಗಿಲ್ಲ.

1209ರಲ್ಲಿ ರಚಿತವಾದ ಈ ಕಾವ್ಯದ ಕಥೆ ಸುಪರಿಚಿತ. ಉಜ್ಜಯಿನಿಯ ಯಶೋಧರನು ತನ್ನ ರಾಣಿ ಅಮೃತಮತಿಯು ಕುರೂಪಿಯಾದ ಮಾವುತನಲ್ಲಿ ಅನುರಕ್ತಳಾದುದನ್ನು ಕಣ್ಣಾರೆ ಕಾಣುತ್ತಾನೆ. ಎತ್ತಿದ ಕತ್ತಿಯನ್ನು ತಡೆದುಕೊಂಡು ಹಿಂದಿರುಗುತ್ತಾನೆ. ತಾಯಿಗೆ ನಿಜವನ್ನು ಹೇಳಲಾರದೆ ಕನಸಿನ ನೆಪವೊಡ್ಡುತ್ತಾನೆ. ತಾಯಿ ಚಂದ್ರಮತಿಯು ಶಾಂತಿಗಾಗಿ ಬಲಿ ಕೊಡೆನ್ನುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಇಬ್ಬರಿಗೂ ಸಮ್ಮತವಾದದ್ದು ಹಿಟ್ಟಿನ ಕೋಳಿ.

ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆಯು 1932ರ ತನ್ನ ಗ್ರಂಥದಲ್ಲಿ ಮಕ್ಕಳ ಮುಂದಿಟ್ಟ ಒಂದು ಸಮಸ್ಯೆಯನ್ನು ಇಲ್ಲಿ ನೆನೆಯಬೇಕು. ಒಬ್ಬ ಹುಡುಗ ಊಟಕ್ಕೆಂದು ಬಾಗಿಲು ತಳ್ಳಿದಾಗ ಅದರ ಹಿಂದೆ ಇಟ್ಟಿದ್ದ 15 ಬಟ್ಟಲುಗಳು ಒಡೆದವು. ಇನ್ನೊಬ್ಬನು ತಾಯಿ ಇಲ್ಲದಾಗ ಮುರಬ್ಬ ಕದಿಯಹೋಗಿ ಒಂದೇ ಬಟ್ಟಲನ್ನು ಒಡೆದನು. ಯಾರ ತಪ್ಪು ದೊಡ್ಡದು? ಚಿಕ್ಕ ಮಕ್ಕಳು ಹೆಚ್ಚಾಗಿ ಒಡೆದ ಬಟ್ಟಲುಗಳನ್ನು ಎಣಿಸಿದರು. ದೊಡ್ಡವರಾದಂತೆ ಉದ್ದೇಶವನ್ನು ಕೇಳತೊಡಗಿದರು.

ಎಣಿಸುವವರು ಮಕ್ಕಳು ಮಾತ್ರವಲ್ಲ. ನೀರು ತರುವಾಗ ಎಡವಿ ಮಣ್ಣಿನ ಕೊಡವನ್ನು ಒಡೆದ ಹುಡುಗನನ್ನು ನಾವು ಒಮ್ಮೆ ಹೊಡೆದೆವು. ಅದೇ ವಾರ ಇನ್ನೊಬ್ಬನು ಪರೀಕ್ಷೆಯ ಹಿಂದಿನ ದಿನ ಬೇಕೆಂದೇ ಗೆಳೆಯನ ಪುಸ್ತಕವನ್ನು ಬಚ್ಚಿಟ್ಟಿದ್ದನು. ಪುಸ್ತಕವು ಸಿಕ್ಕಿತೆಂದು ನಕ್ಕು ಬಿಟ್ಟೆವು. ಆ ವಾರ ನಾವು ಪಾಠ ಹೇಳುತ್ತಿದ್ದುದು ಜನ್ನನನ್ನೇ.

ಆದರೆ ಜಾಣ ವಿದ್ಯಾರ್ಥಿಯು ಇಷ್ಟಕ್ಕೆ ಸುಮ್ಮನಾಗಲಾರನು. “ಅರಸನ ಉದ್ದೇಶವು ಕೊಲೆಯನ್ನು ತಪ್ಪಿಸುವುದೇ ಆಗಿತ್ತಲ್ಲ?” ಎಂದಾನು. ಇದು ನ್ಯಾಯವಾದ ಆಕ್ಷೇಪ. 2012ರಲ್ಲಿ ಪ್ರಕಟವಾದ ಅಮೇರಿಕದ ಒಂದು ಪ್ರಯೋಗವು ಇದಕ್ಕೆ ಬೆಳಕು ಚೆಲ್ಲುತ್ತದೆ. ಅಲ್ಲಿ ಕೆಲವರಿಗೆ ಕೃತಕ ಕಾಲನ್ನು ಸುತ್ತಿಗೆಯಿಂದ ಹೊಡೆಯಲು, ಗೊಂಬೆ ಮಗುವನ್ನು ಮೇಜಿಗೆ ಅಪ್ಪಳಿಸಲು ಹೇಳಿದರು. ಯಾರಿಗೂ ನೋವಾಗದೆಂದು ಅವರು ಚೆನ್ನಾಗಿ ಬಲ್ಲರು. ಆದರೂ ಅವರ ರಕ್ತನಾಳಗಳು ಬಿಗಿದುಕೊಂಡವು; ಅಷ್ಟೇ ಶ್ರಮದ ನಿರಪಾಯ ಕೆಲಸವನ್ನು ಮಾಡಿದಾಗ, ಅಥವಾ ಇನ್ನೊಬ್ಬರು ಹೊಡೆಯುವುದನ್ನು ಬರಿದೆ ನೋಡಿದಾಗ ಆ ಮಟ್ಟಿಗೆ ಬಿಗಿಯಲಿಲ್ಲ. ಅದು ಗೊಂಬೆಯೆಂದು ಬುದ್ಧಿಯು ಬಲ್ಲದು. ಆದರೂ ಹೊಡೆಯುವ ಕೈ ಹಿಂಜರಿಯುತ್ತದೆ.

ಜನ್ನನ ಕೋಳಿಯು ಕತ್ತಿಯ ಏಟಿಗೆ ಕೂಗಿಕೊಳ್ಳುವುದು ಈ ಕಾರಣದಿಂದಲೇ ಅರ್ಥವತ್ತಾಗಿದೆ. ಚೆಲುವಾದ ಆ ರೂಪಕ್ಕೆ ಬೆಂತರವೊಂದು ಹೊಕ್ಕು ಕೂಗಿತೆಂದು ಕಥೆ. ಅದನ್ನು ಬರಿಯ ಅದ್ಭುತವೆಂದು ತಳ್ಳಬಾರದು. ಅರಸನು ತನ್ನ ಮನಸ್ಸಿಗೆ ಹಿಟ್ಟಿನ ಸಮಾಧಾನವನ್ನು ಹೇಳಿಕೊಂಡಿದ್ದನು. ಹೊಡೆಯುವ ಕ್ಷಣದಲ್ಲಿ ಆ ಸಮಾಧಾನವು ಸುಳ್ಳಾಯಿತು. ತಾಯಿಗೂ ತನಗೂ ಒಟ್ಟಿಗೆ ಮೆಚ್ಚುಗೆಯಾಗಲೆಂದು ನಂಬಿಕೆಯನ್ನು ಮಾರಿಕೊಂಡುದೇ ಅವನ ಸಂಕಲ್ಪದೋಷವೆಂದು ನಮ್ಮ ಅಭಿಪ್ರಾಯ.

ಇಷ್ಟು ಸೂಕ್ಷ್ಮವಾಗಿ ಅರಸನನ್ನು ತೂಗುವ ನಾವು ಅಮೃತಮತಿಯನ್ನು ಹಾಗೆ ತೂಗುತ್ತೇವೆಯೇ? ಆಕೆಯು ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ಆ ಅಪರಾಧಕ್ಕೆ ಕ್ಷಮೆಯಿಲ್ಲ. ಆದರೆ ವಾಚಕರು ತಮ್ಮನ್ನು ತಾವೇ ಕೇಳಿಕೊಳ್ಳಲಿ: ಆಕೆಯನ್ನು ಕೆಟ್ಟವಳೆಂದು ತೀರ್ಮಾನಿಸಿದ್ದು ವಿಷದ ಪದ್ಯದಲ್ಲಿಯೋ, ಮಾವುತನ ರೂಪವರ್ಣನೆಯಲ್ಲಿಯೋ? ವರ್ಣನೆಯಿಂದ ಹುಟ್ಟಿದ ಹೇಸಿಕೆಯೇ ಮೊದಲು ತೀರ್ಪು ಕೊಟ್ಟುಬಿಡುತ್ತದೆ. ವಿಷವು ಆ ತೀರ್ಪಿಗೆ ಆಮೇಲೆ ದೊರೆತ ಸಾಕ್ಷಿ. ನೀತಿನಿರ್ಣಯದಲ್ಲಿ ಭಾವವು ಮುಂದೆ ನಡೆಯುತ್ತದೆ, ತರ್ಕವು ವಕೀಲನಂತೆ ಹಿಂದಿನಿಂದ ಬರುತ್ತದೆ ಎಂದು ಜೊನಾಥನ್ ಹೈಟ್ 2001ರಲ್ಲಿ ವಾದಿಸಿದುದು ಇದನ್ನೇ.

ಕವಿಯು ಆಕೆಗೆ ಅನ್ಯಾಯ ಮಾಡಿಲ್ಲವೆಂದು ಹೇಳಲಾರೆವು. ಯಶೋಧರ ಚಂದ್ರಮತಿಯರು ನವಿಲು ನಾಯಿ ಮೊದಲಾದ ಜನ್ಮಗಳನ್ನು ಕಳೆದು ಅಭಯರುಚಿ ಅಭಯಮತಿಯರಾಗುತ್ತಾರೆ. ಅವರ ಕಥೆಯನ್ನು ಕೇಳಿ ಕ್ರೂರಿಯಾದ ಮಾರಿದತ್ತನೂ ಬಲಿಯನ್ನು ತೊರೆಯುತ್ತಾನೆ. ರಾಣಿಗೆ ಮಾತ್ರ ನರಕವೊಂದೇ. ಆದರೂ ಆಕೆಯು ಮಾವುತನನ್ನು ಕಾಣುವ ಮೊದಲು, ರಾತ್ರಿ ಅವನ ಹಾಡನ್ನು ಕೇಳಿ ಮನಸೋತಳೆಂದು ಹೇಳಿದವನೂ ಜನ್ನನೇ. ಆ ಹಾಡಿನ ಸಂದರ್ಭವನ್ನು ನಾವು ತರಗತಿಯಲ್ಲಿ ಬೇಗನೆ ದಾಟಿಬಿಡುತ್ತೇವೆ. ಗಿರೀಶ ಕಾರ್ನಾಡರು 1980ರ ‘ಹಿಟ್ಟಿನ ಹುಂಜ’ ನಾಟಕದಲ್ಲಿ ರಾಣಿಗೆ ತನ್ನ ಮಾತನ್ನು ತಾನೇ ಆಡುವ ಅವಕಾಶವನ್ನು ಕೊಟ್ಟರು. ಹಳೆಯ ಕಾವ್ಯದಲ್ಲಿ ಅದರ ಬೀಜವು ಇದ್ದೇ ಇತ್ತು.

ಶಿಕ್ಷಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಮುಂದಿನ ಸಲ ಈ ಕಾವ್ಯವನ್ನು ಓದಿಸುವಾಗ ‘ತಪ್ಪು ಯಾರದು?’ ಎಂದು ಕೇಳುವ ಮೊದಲು ‘ನೀವು ಯಾವ ಪದ್ಯಕ್ಕೆ ಬಂದಾಗ ತೀರ್ಮಾನಿಸಿದಿರಿ?’ ಎಂದು ಕೇಳಿರಿ. ಪುಸ್ತಕವನ್ನು ತೆರೆದು ಆ ಪದ್ಯವನ್ನು ತೋರಿಸಹೇಳಿರಿ. ಕೊಡ ಒಡೆದ ಹುಡುಗನು ಎಡವಿದನೋ ಎಸೆದನೋ ಎಂದು ನಾವು ಅಂದು ಕೇಳಿದ್ದರೆ ಸಾಕಾಗಿತ್ತು.