ಅಂಗೈ ಪೆಟ್ಟಿನ ಖ್ಯಾತಿ

ಕೈಕೊಟ್ಟ ರಿಮೋಟನ್ನು ಅಂಗೈಗೆ ಎರಡು ಸಲ ಬಡಿದರೆ ಸರಿಯಾಗುತ್ತದೆ ಎಂಬ ವಿದ್ಯೆಗೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮನೆಗಳಲ್ಲಿ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಆಟಿಯ ಮಳೆಗೆ ಗೋಡೆ ಬೆವರಿ ಉಪ್ಪಿನ ಭರಣಿ ನೀರೊಡೆಯುವ ಸೀಮೆ ನಮ್ಮದು. ರಿಮೋಟ್ ಯಾಕೆ ಹಟ ಹಿಡಿಯುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಕರಾರು ಮದ್ದಿನ ಬಗ್ಗೆ.

ಪೆಟ್ಟಿನಿಂದ ಕೆಲಸ ಆಗುತ್ತದೆ, ನಿಜ. ಹೇಗೆ ಆಗುತ್ತದೆ ಎಂದು ನೋಡಬೇಕು. ಸೆಲ್ಲಿನ ತುದಿ ಮತ್ತು ಸ್ಪ್ರಿಂಗಿನ ನಡುವೆ ತೇವಕ್ಕೆ ತೆಳ್ಳನೆಯ ತುಕ್ಕಿನ ಪೊರೆ ಕಟ್ಟುತ್ತದೆ. ಎರಡು ಸೆಲ್ ಸೇರಿ ಕೊಡುವುದೇ 3 ವೋಲ್ಟ್. ಗುಂಡಿ ಒತ್ತಿದೊಡನೆ ಮೂತಿಯ ಎಲ್‌ಇಡಿ ಜೋರಾಗಿ ಕರೆಂಟ್ ಎಳೆಯುತ್ತದೆ; ಪೊರೆ ಅಷ್ಟನ್ನು ದಾಟಲು ಬಿಡದೆ ಒಳಗಿನ ಚಿಪ್ ಸೋತುಹೋಗುತ್ತದೆ. ಬಡಿದಾಗ ಸೆಲ್ ಕೂದಲೆಳೆಯಷ್ಟು ಜರುಗಿ ಪೊರೆ ಒಂದು ಕಡೆ ಗೀರುತ್ತದೆ, ಚಾನೆಲ್ ಬದಲಾಗುತ್ತದೆ. ಕೆಲವು ದಿನಗಳಲ್ಲಿ ಗೀರಿದ ಜಾಗ ಮತ್ತೆ ಮುಚ್ಚಿ, ಮುಂದಿನ ಪೆಟ್ಟು ಕುರ್ಚಿಯ ಮರದ ಕೈಗೆ ಬೀಳುತ್ತದೆ. ಹಳೆಯ ಅನೇಕ ರಿಮೋಟುಗಳಲ್ಲಿ 455 ಕಿಲೋಹರ್ಟ್ಸಿನ ಪುಟ್ಟ ಸೆರಾಮಿಕ್ ರೆಸೊನೇಟರ್ ಇದೆ. ಆ ಸಂಖ್ಯೆಯನ್ನು 12ರಿಂದ ಭಾಗಿಸಿದರೆ ಸಿಗುವ ಸುಮಾರು 38 ಕಿಲೋಹರ್ಟ್ಸಿನ ಮಿಡಿತವನ್ನೇ ಟಿವಿ ಗುರುತಿಸುವುದು. ಪೆಟ್ಟಿಗೆ ಆ ರೆಸೊನೇಟರ್ ಬಿರುಕುಬಿಟ್ಟರೆ ಹೊಸ ಸೆಲ್ ಹಾಕಿಯೂ ಪ್ರಯೋಜನವಿಲ್ಲ. ಸೆಲ್ಲನ್ನು ಬೆರಳಿನಿಂದ ಉರುಳಿಸುವವರು ಪೊರೆ ಗೀರುವ ಕೆಲಸವನ್ನೇ ಮೆಲ್ಲಗೆ ಮಾಡುತ್ತಾರೆ. ಅಷ್ಟರಮಟ್ಟಿಗೆ ನಾನು ಅವರ ಪಕ್ಷ. ಆದರೆ ಸ್ಪ್ರಿಂಗನ್ನು ನಯವಾದ ಉಜ್ಜುಕಾಗದದಿಂದ ತಿಕ್ಕದೆ ಪೊರೆ ಹೋಗುವುದಿಲ್ಲ.

ಮುಗಿದ ಸೆಲ್ಲನ್ನು ಬಚ್ಚಲೊಲೆಯ ದಂಡೆಯಲ್ಲಿ ಬೆಚ್ಚಗಿಡಬೇಕೆನ್ನುವವರೊಂದಿಗೆ ನನ್ನದು ಹಳೆಯ ಜಗಳ. ಅಜ್ಜನ ಕಾಲದ ಟಾರ್ಚೇ ಅವರ ಸಾಕ್ಷಿ. ಬೆಚ್ಚಗಾದ ಸೆಲ್ಲಿನ ಒಳಗಿನ ಕ್ರಿಯೆ ಸ್ವಲ್ಪ ಹೊತ್ತು ಚುರುಕಾಗುವುದು ಹೌದು, ಆದರೆ ಹೊಸ ಶಕ್ತಿ ಎಲ್ಲಿಂದಲೂ ಬರುವುದಿಲ್ಲ. ಅಗ್ಗದ ಸೆಲ್ಲಿನಲ್ಲಿ ಸತುವಿನ ಕವಚವೇ ಕರಗುತ್ತಾ ಕರೆಂಟ್ ಕೊಡುವುದು. ಸವೆದ ಕವಚಕ್ಕೆ ಬಿಸಿ ತಾಗಿದರೆ ಸೋರುತ್ತದೆ. ಆಲ್ಕಲೈನ್ ಸೆಲ್ ಸೋರಿದರೆ ಬರುವುದು ಕ್ಷಾರ. ಒಣಗಿದ ಆ ಬಿಳಿ ಪುಡಿಯನ್ನು ಬೂಷ್ಟೆಂದು ತಿಳಿದು ಬರಿಬೆರಳಲ್ಲಿ ಕೆರೆಯುವವರನ್ನು ಕಂಡಿದ್ದೇನೆ. ಹತ್ತಿಗೆ ಎರಡು ಹನಿ ಲಿಂಬೆರಸ ಹಾಕಿ ಒರೆಸಿ, ಒದ್ದೆ ಬಟ್ಟೆಯಲ್ಲಿ ಇನ್ನೊಮ್ಮೆ ಒರೆಸಿ ಒಣಗಿಸಿದರೆ ಅದು ಹೋಗುತ್ತದೆ. ರಿಮೋಟನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಬಿಗಿಯುವ ಜಾಗ್ರತೆಯೂ ಮಳೆಗಾಲದಲ್ಲಿ ತೇವವನ್ನು ಒಳಗೇ ಕೂಡಿಹಾಕುತ್ತದೆ.

ಪೆಟ್ಟಿನ ದೊಡ್ಡ ಕೊರತೆ, ಅದು ರೋಗ ಎಲ್ಲಿದೆಯೆಂದು ಹೇಳದಿರುವುದು. ಅದನ್ನು ಹೇಳಬಲ್ಲ ಉಪಾಯ ಎಲ್ಲರ ಕಿಸೆಯಲ್ಲೇ ಇದ್ದರೂ ಕೇಳುವವರಿಲ್ಲ. ರಿಮೋಟಿನ ಬೆಳಕು ಸುಮಾರು 940 ನ್ಯಾನೋಮೀಟರಿನದು, ನಮ್ಮ ಕಣ್ಣಿಗೆ ಬೀಳದು, ಮೊಬೈಲಿನ ಸೆಲ್ಫಿ ಕ್ಯಾಮೆರಾಗೆ ಹೆಚ್ಚಾಗಿ ಬೀಳುತ್ತದೆ. (ಬ್ಲೂಟೂತ್ ರಿಮೋಟಿಗೆ ಈ ಪರೀಕ್ಷೆ ಸಲ್ಲದು.) ಯಾವ ಗುಂಡಿಗೂ ಮಿನುಗದಿದ್ದರೆ ಮೊದಲು ಸೆಲ್ ಮತ್ತು ಸ್ಪ್ರಿಂಗ್ ನೋಡಬೇಕು. ಶಬ್ದದ ಗುಂಡಿಯೊಂದೇ ಮಿನುಗದಿದ್ದರೆ ಒಳಗಿನ ರಬ್ಬರ್ ಹಾಳೆಗೆ ಅಡುಗೆಮನೆಯ ಎಣ್ಣೆಕೈ ಅಂಟಿರುತ್ತದೆ. ಬಿಚ್ಚಿ ಸಾಬೂನುನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಕೂರಿಸಬೇಕು. ಗುಂಡಿಗುಂಡಿಗೂ ಚೆನ್ನಾಗಿ ಮಿನುಗಿಯೂ ಚಾನೆಲ್ ಬದಲಾಗದಿದ್ದರೆ ರಿಮೋಟನ್ನು ಕೆಳಗಿಟ್ಟು, ಸೆಟ್‌ಟಾಪ್ ಬಾಕ್ಸಿನ ಮುಖದ ಮೇಲೆ ಇಳಿಬಿದ್ದ ಕಸೂತಿ ಬಟ್ಟೆಯನ್ನು ಎತ್ತಿ ನೋಡಬೇಕು.