ನಕ್ಷೆಗೂ ಕೂಲಿಗೂ ನಡುವೆ

ಬ್ರೆಸಿಲಿಯಾ ನಗರದ ಬಗ್ಗೆ ಬರೆದವರು ವಾಸ್ತುಶಿಲ್ಪಿ ಆಸ್ಕರ್ ನಿಮೆಯರ್ ಅವರ ಕಂಬಗಳ ಬಳುಕನ್ನು ಹೊಗಳಿ ದಣಿದಿದ್ದಾರೆ. ಆ ಕಂಬಗಳಿಗೆ ಸೆಂಟ್ರಿಂಗ್ ಹೊಡೆದವರ ಮಾತು ಬರುವುದು ಅಪರೂಪ. 1960ರ ಏಪ್ರಿಲ್ 21ರಂದು ಉದ್ಘಾಟನೆಯಾದ ಆ ರಾಜಧಾನಿಯನ್ನು ಕಟ್ಟಿದವರಲ್ಲಿ ಬಹಳ ಮಂದಿ ಈಶಾನ್ಯ ಬ್ರೆಜಿಲ್‌ನ ಬರಗಾಲದ ಸೀಮೆಗಳಿಂದ ಗುಳೆ ಬಂದವರು. 1959ರ ಫೆಬ್ರವರಿಯಲ್ಲಿ ಗುತ್ತಿಗೆ ಕಂಪನಿಯೊಂದರ ಶಿಬಿರದಲ್ಲಿ ಊಟದ ವಿಚಾರಕ್ಕೆ ಗಲಾಟೆ ಎದ್ದಾಗ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬ ವಿವಾದ ಇಂದಿಗೂ ತೀರಿಲ್ಲ.

1938ರಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಸೆರ್ಜಿಯೊ ಫೆರೊ ವಿದ್ಯಾರ್ಥಿಯಾಗಿದ್ದಾಗಲೇ ಈ ನಗರದಲ್ಲಿ ಕೆಲಸ ಮಾಡಿದವರು. ಅವರಿಗೆ ಸಾವೊ ಪಾಲೊದಲ್ಲಿ ಪಾಠ ಹೇಳಿದ ವಿಲಾನೋವಾ ಆರ್ಟಿಗಾಸ್ ಕಮ್ಯುನಿಸ್ಟರು. ಒಳ್ಳೆಯ ವಿನ್ಯಾಸ ದೇಶದ ಬಿಡುಗಡೆಗೆ ದಾರಿ ಮಾಡುತ್ತದೆಂದು ನಂಬಿದವರು. ಶಿಷ್ಯನ ಕಣ್ಣು ಗಾರೆ ಕೆಲಸದವರ ಕಡೆ ಹೊರಳಿತು. ಗೆಳೆಯರಾದ ಫ್ಲಾವಿಯೊ ಇಂಪೇರಿಯೊ, ರೊಡ್ರಿಗೊ ಲೆಫೆವ್ರ್ ಜೊತೆ ಫೆರೊ ಕಟ್ಟಿದ ಗುಂಪು 'ಆರ್ಕಿಟೆತೂರಾ ನೋವಾ', ಅಂದರೆ ಹೊಸ ವಾಸ್ತುಶಿಲ್ಪ, ಎಂದು ಹೆಸರಾಯಿತು. ಬ್ರೆಜಿಲ್‌ನ ಮಿಲಿಟರಿ ಸರ್ವಾಧಿಕಾರದ ವಿರುದ್ಧದ ಹೋರಾಟದಲ್ಲಿದ್ದ ಕಾರಣಕ್ಕೆ ಜೈಲು ಕಂಡ ಫೆರೊ 1972ರಲ್ಲಿ ಫ್ರಾನ್ಸ್‌ಗೆ ಹೋಗಿ ಗ್ರೆನೋಬಲ್‌ನಲ್ಲಿ ದೀರ್ಘಕಾಲ ಪಾಠ ಮಾಡಿದರು.

1979ರಲ್ಲಿ ಪುಸ್ತಕವಾಗಿ ಬಂದ, ಕಾಮಗಾರಿ ಮತ್ತು ನಕ್ಷೆಯ ಸಂಬಂಧವನ್ನು ಕುರಿತ ಅವರ ಬರಹ ಈ ಗುಂಪಿನಿಂದ ಬೆಳೆದ ಪಂಥದ ತಾಯಿಬೇರು. ಕಾಮಗಾರಿಯಲ್ಲಿ ಕಂಬಿ ಕಟ್ಟುವವನು, ಕಾಂಕ್ರೀಟ್ ಸುರಿಯುವವನು, ಇಟ್ಟಿಗೆ ಕಟ್ಟುವವನು ಬೇರೆ ಬೇರೆ; ಒಬ್ಬನ ಕೆಲಸ ಇನ್ನೊಬ್ಬನಿಗೆ ತಿಳಿಯದಂತೆ ಬಂಡವಾಳ ಅವರನ್ನು ಒಡೆದಿಟ್ಟಿದೆ. ಒಡೆದವರನ್ನು ಮತ್ತೆ ಒಂದೆಡೆ ತಂದು ದುಡಿಸುವ ಅಪ್ಪಣೆಯೇ ನಕ್ಷೆ ಎನ್ನುತ್ತಾರೆ ಫೆರೊ. ಕಟ್ಟಡ ಉದ್ಯಮ ಯಂತ್ರಗಳಿಗೆ ಪೂರ್ತಿ ಒಗ್ಗದೆ ಉಳಿದಿದ್ದು ಹಿಂದುಳಿದಿರುವಿಕೆಯಿಂದಲ್ಲ. ಅಗ್ಗದ ಕೈಗಳಿಂದ ಹಿಂಡುವ ಲಾಭ ಇಡೀ ಆರ್ಥಿಕತೆಗೆ ಬೇಕಿತ್ತು. ಕಾಂಕ್ರೀಟ್‌ನ ಇತಿಹಾಸವನ್ನೂ ಅವರು ಹೀಗೇ ಓದುತ್ತಾರೆ: ಯುರೋಪಿನಲ್ಲಿ ಕಲ್ಲುಕುಟಿಗರು, ಬಡಗಿಗಳು ಮುಷ್ಕರ ಹೂಡಿ ನಿಲ್ಲುವಷ್ಟು ಬಲಿತಿದ್ದ ಕಾಲಕ್ಕೆ, ಅವರ ಕಸುಬಿನ ಹಂಗಿಲ್ಲದ ವಸ್ತುವೊಂದು ಮಾಲೀಕರ ಕೈಗೆ ಸಿಕ್ಕಿತು. ಒಂದೇ ಕಾರಣಕ್ಕೆ ಇಷ್ಟು ಭಾರ ಹೊರಿಸುವುದು ಹೆಚ್ಚಾಯಿತು ಎನ್ನಿಸುತ್ತದೆ. ಆದರೂ ಗೋಡೆಯ ಮೇಲಿನ ನುಣುಪು ಗಾರೆ ಕೆಲಸಗಾರನ ಕೈಗುರುತನ್ನು ಅಳಿಸಿಹಾಕುತ್ತದೆ ಎಂಬ ಅವರ ಮಾತು ಓದಿದ ಮೇಲೆ ಯಾವ ಗೋಡೆಯನ್ನೂ ಮೊದಲಿನಂತೆ ನೋಡಲಾಗುವುದಿಲ್ಲ.

ಆಚರಣೆಯಲ್ಲಿ ಗುಂಪು ಹಿಡಿದ ದಾರಿ ಕಮಾನು ಮನೆ. ಟೊಳ್ಳು ಇಟ್ಟಿಗೆಯ ಬಾಗಿದ ಸೂರನ್ನು ಮೊದಲು ಎತ್ತಿದರೆ, ಉಳಿದ ಕೆಲಸವೆಲ್ಲ ನೆರಳಲ್ಲಿ, ಕುಶಲಕರ್ಮಿಗಳ ಸ್ವಂತ ವಿವೇಚನೆಯಲ್ಲಿ ನಡೆಯಬಹುದು. ವಿಚಾರ ಸೊಗಸಾಗಿದೆ. ಬಡವರ ವಸತಿಗೆಂದು ಹುಟ್ಟಿದ ಈ ಕಮಾನಿನ ಕೆಳಗೆ ಬಂದು ನೆಲೆಸಿದವರು ಮಾತ್ರ ಹೆಚ್ಚಾಗಿ ಓದುಬರಹ ಬಲ್ಲ ಮಧ್ಯಮ ವರ್ಗದವರು. ಈ ಪಂಥದ ದೊಡ್ಡ ಕೊರತೆ ಇದೇ, ಮತ್ತು ಅದು ನೋವಿನದು.

ಕೊರತೆ ತುಂಬಿದ್ದು ಮುಂದಿನ ತಲೆಮಾರು. 1989ರಲ್ಲಿ ಲೂಯಿಜಾ ಎರುಂಡಿನಾ ಸಾವೊ ಪಾಲೊದ ಮೇಯರ್ ಆದಾಗ, ವಸತಿಹೀನರೇ ಕೂಡಿ ಮನೆ ಕಟ್ಟಿಕೊಳ್ಳುವ 'ಮುತಿರಾವ್' ಪದ್ಧತಿಗೆ ನಗರಾಡಳಿತದ ಹಣ ಬಂತು. 1990ರಲ್ಲಿ ಹುಟ್ಟಿದ, ವಾಸ್ತುಶಿಲ್ಪಿಗಳ 'ಉಜೀನಾ' ತಂಡ ಈ ಕಾಮಗಾರಿಗಳಲ್ಲಿ ಉಕ್ಕಿನ ಮೆಟ್ಟಿಲನ್ನೇ ಮೊದಲು ನಿಲ್ಲಿಸಿತು. ಅನುಭವವಿಲ್ಲದವರಿಗೂ ಗೋಡೆ ನೆಟ್ಟಗಿದೆಯೇ ಎಂದು ನೋಡಲು ಅದೇ ಅಳತೆ. ಸಾಮಾನು ಹೊತ್ತು ಹತ್ತುವವರಿಗೆ, ಅವರಲ್ಲಿ ಹೆಂಗಸರು ಬಹಳ, ಅದೇ ಭದ್ರ ದಾರಿ. ಇಲ್ಲಿ ನಕ್ಷೆ ನಿಜಕ್ಕೂ ದುಡಿಯುವವರ ಪರ ನಿಂತಿದೆ.

ಆದರೆ ಸಮಾಜಶಾಸ್ತ್ರಜ್ಞ ಫ್ರಾನ್ಸಿಸ್ಕೊ ದೆ ಒಲಿವೇರಾ 1972ರಲ್ಲೇ ಎತ್ತಿದ ಆಕ್ಷೇಪ ಇನ್ನೂ ಅಲ್ಲೇ ಇದೆ. ಕಾರ್ಮಿಕ ರಜೆಯ ದಿನ ತನ್ನ ಮನೆಯನ್ನು ತಾನೇ ಕಟ್ಟಿಕೊಂಡರೆ ಬಾಡಿಗೆಯ ಖರ್ಚು ತಪ್ಪುತ್ತದೆ. ಅಷ್ಟರಮಟ್ಟಿಗೆ ಕೂಲಿ ಕಡಿಮೆ ಕೊಟ್ಟರೂ ಮಾಲೀಕನಿಗೆ ನಡೆಯುತ್ತದೆ. ಕಾಮಗಾರಿಯೊಳಗಿನ ಅಧಿಕಾರವನ್ನು ಅಷ್ಟು ಹತ್ತಿರದಿಂದ ನೋಡಿದ ಪಂಥ, ಬೇಲಿಯಾಚೆಗಿನ ಈ ಲೆಕ್ಕಕ್ಕೆ ಸಮರ್ಪಕ ಉತ್ತರ ಕೊಟ್ಟಿಲ್ಲ.